ಎರಡು ಬೀಗದ ಮನೆ

ವಿಚ್ಛೇದನ ಸಿಕ್ಕಿದ ಮೇಲೆ ರವಿಚಂದ್ರನಿಗೆ ದಾಂಪತ್ಯದಲ್ಲಿ ಆಸಕ್ತಿ ಹುಟ್ಟಿತು. ಹನ್ನೊಂದು ವರ್ಷ ಸಂಸಾರ ಮಾಡಿದಾಗ ಇಲ್ಲದ್ದು ಈಗೆಲ್ಲಿಂದ ಬಂತು ಎಂದು ಕೇಳಬೇಡಿ. ಕೆಲವರಿಗೆ ಎಲೆ ಎತ್ತಿದ ಮೇಲೆಯೇ ಹಸಿವಾಗುವುದು.

ಇದಕ್ಕೆಲ್ಲ ಕಾರಣ ನಂಜನಗೂಡಿನ ಮನೆ. ಇಬ್ಬರೂ ಸೇರಿ ಕಟ್ಟಿಸಿದ್ದು, ಇಬ್ಬರ ಹೆಸರಿನಲ್ಲೂ ಇದ್ದದ್ದು. ಮಾರಿ ಹಂಚಿಕೊಳ್ಳುವುದೆಂದು ಕೋರ್ಟಿನಲ್ಲಿ ತೀರ್ಮಾನವಾಯಿತು. ರವಿಚಂದ್ರ ತಿ. ನರಸೀಪುರದಲ್ಲಿ ತನ್ನ ಆಫೀಸಿನ ಹತ್ತಿರ ಒಂದು ರೂಮು ಹಿಡಿದ. ಮಾಜಿ ಧರ್ಮಪತ್ನಿ, ಹೈಸ್ಕೂಲು ಟೀಚರ್ ನಾಗರತ್ನ, ನಂಜನಗೂಡಿನಲ್ಲೇ ಅಣ್ಣನ ಮನೆ ಸೇರಿದಳು. ಖಾಲಿ ಮನೆಯಿಂದ ಇನ್ನೊಬ್ಬರು ಏನು ಹೊತ್ತೊಯ್ಯುತ್ತಾರೋ ಎಂಬ ಪರಸ್ಪರ ವಿಶ್ವಾಸದಿಂದ ಮುಂಬಾಗಿಲಿಗೆ ಎರಡು ಬೀಗ ಬಿದ್ದವು. ಒಂದರ ಕೀ ಅವನ ಹತ್ತಿರ, ಇನ್ನೊಂದರದು ಅವಳ ಹತ್ತಿರ. (ಒಳಗಿದ್ದ ಐಶ್ವರ್ಯವೆಂದರೆ ಒಂದು ಕುಂಟು ಮಂಚ, ತಿರುಗದ ಮಿಕ್ಸಿ ಮತ್ತು ಯಾರಿಗೂ ಬೇಡವಾದ ಮದುವೆ ಆಲ್ಬಮ್ಮು.)

ಹೀಗಾಗಿ ಯಾರು ಮನೆ ನೋಡಲು ಬಂದರೂ ಇಬ್ಬರೂ ಹಾಜರಾಗಬೇಕು. ಪ್ರತಿ ಭಾನುವಾರ ರವಿಚಂದ್ರ ಇಸ್ತ್ರಿ ಮಾಡಿದ ಶರ್ಟು ತೊಟ್ಟು ನಂಜನಗೂಡಿಗೆ ಬರುವನು. ನಾಗರತ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸ ಗುಡಿಸಿದರೆ ಇವನು ಜೇಡರ ಬಲೆ ತೆಗೆಯುವನು. ಸಂಸಾರ ಮಾಡುವಾಗ ಪೊರಕೆ ಯಾವ ಮೂಲೆಯಲ್ಲಿದೆ ಎಂದೂ ತಿಳಿಯದ ಮಹಾಪುರುಷನೀತ. ಕೆಲಸ ಮುಗಿದ ಮೇಲೆ ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುವಳು, ಜೊತೆಗೆ ನಾಲ್ಕು ಮಾತು ಬೈಯುವಳು. ಅವನಿಗೆ ಎರಡೂ ಬೇಕಾಗಿತ್ತು. ಸೋಮವಾರದಿಂದಲೇ ಭಾನುವಾರಕ್ಕೆ ಕಾಯುವ ಹಾಗಾಗಿತ್ತು ಅವನ ಪಾಡು.

ಮನೆ ಮಾರಿಹೋದರೆ ಭಾನುವಾರವೂ ಹೋಯಿತು ಎಂಬುದು ತಲೆಗೆ ಹೊಳೆದ ದಿನ ಅವನು ಒಂದು ಘನಂದಾರಿ ಉಪಾಯ ಹೂಡಿದ. ಸುಳ್ಳು ಹೇಳುವ ಪಾಪವೂ ಬೇಡ, ಮನೆಯ ನಿಜ ಹೇಳಿದರೆ ಸಾಕು. ನಾಗರತ್ನ ಹಿತ್ತಲ ಬಾಗಿಲು ತೆಗೆಯಲು ಹೋದಾಗ ಬಂದವರ ಕಿವಿಯಲ್ಲಿ ಒಂದೊಂದೇ ಊದುತ್ತಿದ್ದ. ಬಚ್ಚಲ ಕತೆ ಕೇಳಿ ಒಬ್ಬರು ಓಡಿದರು, ಗೆದ್ದಲಿನ ಕತೆ ಕೇಳಿ ಇನ್ನಿಬ್ಬರು.

“ಬಂದೋರು ಮತ್ತೆ ಫೋನೇ ಎತ್ತಲ್ವಲ್ರೀ, ಏನಾಗಿದೆ ಈ ಮನೆಗೆ?” ಎಂದಳು ನಾಗರತ್ನ. ಡೈವೋರ್ಸಾದ ಮೇಲೆ ಅವಳು ಅವನನ್ನು ‘ರವಿಚಂದ್ರ ಅವರೇ’ ಎಂದೇ ಕರೆಯುತ್ತಿದ್ದಳು. ಬಾಯಿತಪ್ಪಿ ಬಂದ ಆ ‘ರೀ’ಯನ್ನು ಅವನು ಆ ವಾರವೆಲ್ಲ ಮೆಲುಕು ಹಾಕಿದ.

ಏಳನೆಯ ಭಾನುವಾರ ಮೂಗೂರಿನ ದೊಡ್ಡಸಿದ್ದಯ್ಯ ಬಂದರು. ಹೆಗಲ ಮೇಲೆ ಟವೆಲು, ಬಾಯ್ತುಂಬ ಎಲೆಯಡಿಕೆ. ಎತ್ತಿನ ಬೆನ್ನು ತಟ್ಟುವ ಹಾಗೆ ಗೋಡೆ ತಟ್ಟಿದರು, ಸಂಪಿನೊಳಗೆ ಇಣುಕಿದರು. ನಾಗರತ್ನ ಹಿತ್ತಲಿಗೆ ಹೋದದ್ದೇ ತಡ, ರವಿಚಂದ್ರ ಹತ್ತಿರ ಸರಿದ.

“ಯಜಮಾನ್ರೇ, ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮಳೆಗಾಲದಲ್ಲಿ ಬಚ್ಚಲ ನೀರು ವಾಪಸ್ ಬರುತ್ತೆ.”

“ಔದಾ?” ದೊಡ್ಡಸಿದ್ದಯ್ಯನವರ ಮುಖ ಅರಳಿತು.

“ಬಾಗಿಲಿಗೆಲ್ಲ ಗೆದ್ದಲು. ಪಕ್ಕದ ಮನೆಯವ್ರು ಕಾರಣ ಇಲ್ದೇ ಜಗಳಕ್ಕೆ ಬರ್ತಾರೆ.”

“ಸರಿ ಬುಡಿ, ಇನ್ನೂ?”

ಹೇಳಿದಷ್ಟೂ ಮುದುಕನ ಖುಷಿ ಏರುತ್ತಿರುವುದು ಕಂಡು ರವಿಚಂದ್ರನಿಗೆ ಗಾಬರಿಯಾಯಿತು. ಕೊನೆಗೆ ಬ್ರಹ್ಮಾಸ್ತ್ರ ತೆಗೆದ.

“ಈ ಮನೇಲಿ ಗಂಡ ಅನ್ನೋನು ನಿಲ್ಲಲ್ಲ ಯಜಮಾನ್ರೇ. ನಾವು ಗಂಡ ಹೆಂಡ್ತಿಯಾಗಿ ಬಂದೋರು, ಕೋರ್ಟಲ್ಲಿ ಬೇರೆ ಆದ್ವಿ. ನಮಗಿಂತ ಮುಂಚೆ ಇದ್ದೋರ್ದೂ ಇದೇ ಹಣೆಬರಹ.” (ಮುಂಚೆ ಅಲ್ಲಿ ಇದ್ದದ್ದು ಹುಣಸೆಮರ.)

ಹಿಂದೆ ಬಳೆ ಸದ್ದಾಯಿತು. ನಾಗರತ್ನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೆಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ದೊಡ್ಡಸಿದ್ದಯ್ಯ ಆರಾಮಾಗಿ ಜಗಲಿಯ ಮೇಲೆ ಕುಳಿತರು. “ದನದ ವ್ಯಾಪಾರದಲ್ಲಿ ನಮ್ಮಪ್ಪ ಒಂದು ಮಾತು ಏಳೋನು ಸಾ. ಎತ್ತಿನ ಮೈಮ್ಯಾಲಿನ ಕೆಟ್ಟ ಸುಳಿ ಮುಚ್ಚಿಡೋನ ತಾವ ಯಾಪಾರ ಮಾಡ್ಬ್ಯಾಡ, ಐಬು ತಾನೇ ಬಾಯ್ಬುಟ್ಟು ಏಳೋನ ಎತ್ತ ಕಣ್ಮುಚ್ಕಂಡು ಇಡ್ಕೊಂಡ್ ಬಾ ಅಂತ. ಇಪ್ಪತ್ತು ಮನೆ ನೋಡಿವ್ನಿ. ಎಲ್ರೂ ಅರಮನೆ ಅಂತಲೇ ಅಂದ್ರು. ಐಬು ಏಳಿದೋರು ನೀವೊಬ್ರೇ.”

“ಗೆದ್ದಲು ಬಿಡಿ, ಔಷಧಿ ಹೊಡೀಬಹುದು. ಗಂಡ ನಿಲ್ಲಲ್ಲ ಅಂದ್ನಲ್ಲ,” ಎಂದು ರವಿಚಂದ್ರ ಹೆಚ್ಚುಕಡಿಮೆ ಅಂಗಲಾಚಿದ.

“ಅದ್ಕೇ ಸಾ ನಾ ತಕತಿರೋದು. ಮನೆ ನನ್ನ ಮಗಳು ಶಾಲಿನಿಗೆ. ಕುಡುಕ ಗಂಡನ್ನ ಬುಟ್ಟು ಬಂದವ್ಳೆ. ಎಲ್ಲಿ ಮನೆ ಮಾಡ್ಕೊಟ್ರೂ ಆ ಬಡ್ಡಿಮಗ ಇವಳ ಇಂದಿಂದೇ ಬಂದು ಬಾಗ್ಲಲ್ಲಿ ಕುಂತ್ಕತನೆ. ಗಂಡ ನಿಲ್ಲದ ಮನೆ ಉಡುಕ್ತಾ ಉಡುಕ್ತಾ ನಂಗೆ ವರ್ಸ ಆಯ್ತು.”

ದನದ ಜಾತ್ರೆಯಲ್ಲಿ ಮಾಡುವಂತೆ ಅವರು ಕೈ ಮೇಲೆ ಟವೆಲು ಹಾಸಿ ಮುಂದೆ ಚಾಚಿದರು. ಟವೆಲಿನಡಿ ಬೆರಳು ಒತ್ತಿ ರೇಟು ಹೇಳುವುದು, ಕೈ ಹಿಡಿದರೆ ವ್ಯಾಪಾರ ಮುಗಿಯಿತು. ರವಿಚಂದ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನಾಗರತ್ನ ತಡಮಾಡದೆ ತನ್ನ ಕೈ ತೂರಿಸಿದಳು. ಅತ್ತಿತ್ತ ಎರಡು ಬೆರಳು ಆಡಿದವು.

“ನಂಗೆ ಒಪ್ಪಿಗೆ. ರವಿಚಂದ್ರ ಅವರೇ, ನೀವೂ ಕೈ ಕೊಡಿ.”

ಕೊಟ್ಟ. ಎರಡು ವರ್ಷದ ಮೇಲೆ ಮೊದಲ ಸಲ ಅವಳ ಬೆರಳು ಅವನ ಬೆರಳಿಗೆ ತಾಗಿತು, ಅಷ್ಟರಲ್ಲಿ ಮನೆ ಮಾರಿಹೋಗಿತ್ತು.

ದೊಡ್ಡಸಿದ್ದಯ್ಯ ಮುಂಗಡ ತರುತ್ತೇನೆಂದು ಹೋದರು. ನಾಗರತ್ನ ಕಾಫಿ ಬಗ್ಗಿಸಿ ಲೋಟ ಅವನ ಮುಂದಿಟ್ಟಳು. “ಬಚ್ಚಲಿನ ಐಬು ಹೇಳಿದ್ರಿ, ಬಾಗಿಲಿನ ಐಬು ಹೇಳಿದ್ರಿ. ಹನ್ನೊಂದು ವರ್ಷದಲ್ಲಿ ಒಂದು ದಿನ ನಿಮ್ಮ ಐಬು ನೀವೇ ಹೇಳಿದ್ರೆ ಈ ಮನೆ ಮಾರೋ ಗ್ರಹಚಾರ ಯಾಕ್ರೀ ಬರ್ತಿತ್ತು?”

ರವಿಚಂದ್ರ ಲೋಟ ಪಕ್ಕಕ್ಕೆ ಸರಿಸಿದ. “ಈಗ ಹೇಳ್ಲಾ?” ಎಂದ.

ನಾಗರತ್ನ ಗಡಿಯಾರ ನೋಡಿದಳು. “ಬೇಡ. ನರಸೀಪುರದ ಕೊನೇ ಬಸ್ಸಿಗೆ ಇನ್ನು ಐದೇ ಗಂಟೆ ಇರೋದು. ಅಷ್ಟರಲ್ಲಿ ಮುಗಿಯಲ್ಲ.”