ಅಟ್ಟದ ಸೀರಿಯಲ್ಲೂ ನಮ್ಮ ತಿಪಟೂರಿನವರೂ

ಬಾಯಿ ತೆರೆದು ಕೂತವರ ಎದುರು ನಿಂತು ದುಡಿಯುವ ನನ್ನಂಥವಳಿಗೆ ನಗುವ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ. ನಾನು ತಿಪಟೂರಿನಲ್ಲಿ ಹಲ್ಲಿನ ಡಾಕ್ಟರು. ನೋಯುವ ಹಲ್ಲು ಬಿಟ್ಟು ಪಕ್ಕದ ಹಲ್ಲು ತೋರಿಸುವವರು, ಸೂಜಿ ಕಂಡ ಕೂಡಲೇ ನೋವು ಹೋಯ್ತು ಎಂದು ಎದ್ದು ಹೋಗುವವರು, ಇವರೆಲ್ಲ ನನಗೆ ಹಳಬರು. ಆದರೆ ಈಚೆಗೆ ನಡೆದಿರುವುದಕ್ಕೆಲ್ಲ ಕಾರಣ ಒಂದು ಸೀರಿಯಲ್ಲು.

ಅದರ ನಿಜವಾದ ಹೆಸರು ಬೇರೆ ಏನೋ ಇದೆ. ನಮ್ಮೂರಲ್ಲಿ ಅದನ್ನು ಎಲ್ಲರೂ ಕರೆಯುವುದು 'ಅಟ್ಟದ ಸೀರಿಯಲ್ಲು' ಅಂತಲೇ. ಕಥೆ ನಡೆಯುವುದು ಎಂಬತ್ತರ ದಶಕದಲ್ಲಿ, ತೆಂಗಿನ ಸೀಮೆಯ ಒಂದು ಹಳ್ಳಿಯಲ್ಲಿ. ಕಪ್ಪು-ಬಿಳುಪು ಟೀವಿ, ಸೂರಿನ ಮೇಲೆ ಆಂಟೆನಾ, ಊರಿಗೆಲ್ಲ ಒಂದೇ ಫೋನು. ಒಬ್ಬ ಹುಡುಗಿ ಕಾಯಿ ಇಳಿಸಲು ಅಟ್ಟ ಹತ್ತುತ್ತಾಳೆ, ಮತ್ತೆ ಕೆಳಗೆ ಬರುವುದಿಲ್ಲ. ಹತ್ತಿ ನೋಡಿದರೆ ಮೇಲೆ ಯಾರೂ ಇಲ್ಲ. ಅವತ್ತಿನಿಂದ ಕರೆಂಟು ಹೋದಾಗಲೆಲ್ಲ ಆಫ್ ಮಾಡಿಟ್ಟ ರೇಡಿಯೋದೊಳಗಿಂದ ಅವಳ ದನಿ ಬರುತ್ತದೆ: "ಅಮ್ಮಾ, ಏಣಿ ಎಲ್ಲಿ?" ಏಣಿ ಅಲ್ಲೇ ಇರುತ್ತದೆ. ಅವಳ ತಮ್ಮ ಅಕ್ಕನನ್ನು ಹುಡುಕುತ್ತಾ ಹೋಗುವುದೇ ಕಥೆ.

ಮೊದಲ ಕಂತಿನಲ್ಲಿ ಪರದೆಯ ಮೇಲೆ 'ತಿಪಟೂರು ಸೀಮೆ' ಎಂಬ ಅಕ್ಷರ ಮೂಡಿದಾಗ ಕೊಬ್ಬರಿ ವ್ಯಾಪಾರಿಯಾದ ನನ್ನ ಯಜಮಾನರು ಬಾವುಟ ಹಾರಿಸಿದಾಗ ನಿಲ್ಲುವ ಹಾಗೆ ಕುರ್ಚಿಯಿಂದ ಎದ್ದು ನಿಂತರು. ಊರಿಗೆ ಊರೇ ಹಾಗೆ ನಿಂತಿರಬೇಕು. ಆಮೇಲೆ ಕೂತಿದ್ದು ಎರಡು ಪಕ್ಷವಾಗಿ. ಹುಡುಗಿ ಸತ್ತಿದ್ದಾಳೆ ಅನ್ನುವವರದು ಒಂದು, ಇನ್ನೂ ಬದುಕಿದ್ದಾಳೆ ಅನ್ನುವವರದು ಇನ್ನೊಂದು. ನಾನು ಸತ್ತಿದ್ದಾಳೆ ಎನ್ನುವ ಪಕ್ಷ.

ಕೈ ಎತ್ತಿದ ಸಾಹುಕಾರರು

ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಬಂದಿದ್ದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬಾಯಿಗೆ ಹತ್ತಿ ತುಂಬಿ, "ನೋವಾದರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಎಂದೆ. ಅವರು ತಲೆ ಆಡಿಸಿದರು.

ಕೆಲಸ ಮಾಡುತ್ತಾ ಸುಮ್ಮನಿರಲಾರದೆ ಸೀರಿಯಲ್ ಮಾತು ತೆಗೆದೆ. "ಏನೇ ಹೇಳಿ ಸಾಹುಕಾರ್ರೇ, ಆ ಹುಡುಗಿ ಸತ್ತೋಗಿದ್ದಾಳೆ. ಬದುಕಿದ್ದಿದ್ರೆ ಇಷ್ಟು ದಿನ ಊಟ ಎಲ್ಲಿ ಮಾಡ್ತಿದ್ಳು?"

ಸಾಹುಕಾರರ ಎಡಗೈ ಮೇಲಕ್ಕೆ ಹೋಯಿತು. ನಿಲ್ಲಿಸಿದೆ. "ನೋವಾಯ್ತಾ?" ಅವರು "ಅಅ... ಅಅ..." ಅಂದರು. ಇನ್ನೊಂದು ಸ್ವಲ್ಪ ಔಷಧಿ ಚುಚ್ಚಿದೆ. ಕಾದು ಮತ್ತೆ ಶುರು ಮಾಡಿದೆ.

"ರೇಡಿಯೋದಲ್ಲಿ ಬರೋದು ಆತ್ಮದ ದನಿ, ಅಷ್ಟೇ" ಎಂದೆ. ಮತ್ತೆ ಕೈ ಮೇಲೆ. ಈ ಸಲ ಕಣ್ಣೂ ಕೆಂಪಾಗಿತ್ತು. ಪಾಪ, ಸಹಿಸಲಾಗುತ್ತಿಲ್ಲ ಎಂದುಕೊಂಡು ಮತ್ತೆ ಸಿರಿಂಜು ಕೈಗೆತ್ತಿಕೊಂಡೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು, ಬಾಯಿಯ ಹತ್ತಿಯನ್ನೆಲ್ಲ ತಾವೇ ಕಿತ್ತು ಹಾಕಿ, ಜೋತುಬಿದ್ದ ತುಟಿಯಲ್ಲಿ ಕಷ್ಟಪಟ್ಟು ಹೇಳಿದರು: "ಛತ್ತಿಲ್ಲ ಕಣಮ್ಮಾ! ಬಹುಕವ್ಳೆ!"

ಬಾಗಿಲ ಹತ್ತಿರ ಕೂತಿದ್ದ ಅವರ ಹೆಂಡತಿ ಎದ್ದು ಬಂದರು. "ಡಾಕ್ಟ್ರಮ್ಮಾ, ಮದುವೆ ಆದಾಗಿನಿಂದ ಇವ್ರು ಇಷ್ಟೊತ್ತು ಮಾತಿಲ್ದೆ ಕೂತಿದ್ದು ನಾನು ನೋಡೇ ಇಲ್ಲ. ಇಂಜೆಕ್ಷನ್ ಮನೆಗೆ ಕೊಡ್ತೀರಾ?"

ಉಂಡೆ ಕೊಬ್ಬರಿ

ಮೂರನೇ ಕಂತು ಬಂದ ಮರುದಿನ ನನ್ನ ಆಸ್ಪತ್ರೆಯ ಬೆಂಚಿನ ಮೇಲೆ ದೊಡ್ಡ ಗಲಾಟೆ. ಆ ಕಂತಿನಲ್ಲಿ ಹುಡುಗಿಯ ಅಪ್ಪ ತೆಂಗಿನಕಾಯಿ ಒಡೆದು, ಹೋಳು ಮಾಡಿ, ಅಂಗಳದ ಬಿಸಿಲಿಗೆ ಹರವಿ ಕೊಬ್ಬರಿ ಮಾಡುತ್ತಿದ್ದ. ನಮ್ಮ ಸೀಮೆಯಲ್ಲಿ ಕೊಬ್ಬರಿ ಹಾಗೆ ಮಾಡುವುದಿಲ್ಲ. ಇಡೀ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಕೆಳಗಿನಿಂದ ಹೊಗೆ ಕೊಡುತ್ತಾ ಬಿಟ್ಟರೆ, ಒಳಗಿನ ನೀರು ಇಂಗಿ, ಚಿಪ್ಪಿನೊಳಗೇ ಉಂಡೆಯಾಗಿ ಕಳಚಿಕೊಂಡು ಲೊಡಲೊಡ ಎನ್ನುತ್ತದೆ. ಆಗ ಒಡೆದರೆ ದುಂಡಗಿನ ಕೊಬ್ಬರಿ.

ಕಂದಿಕೆರೆಯಿಂದ ಹಲ್ಲು ಕೀಳಿಸಲು ಬಂದಿದ್ದ ತೋಟದ ಯಜಮಾನರೊಬ್ಬರು ಊದಿದ ಕೆನ್ನೆ ಹಿಡಿದುಕೊಂಡೇ ಗುಡುಗುತ್ತಿದ್ದರು. "ಹುಡ್ಗಿ ಮಾಯ ಆಯ್ತು ಅಂದ್ರು, ನಂಬಿದ್ವಿ. ರೇಡಿಯೋ ಒಳಗೆ ಮಾತಾಡ್ತಾಳೆ ಅಂದ್ರು, ಅದೂ ನಂಬಿದ್ವಿ. ತಿಪಟೂರು ಸೀಮೇಲಿ ಕೊಬ್ಬರಿ ಬಿಸಿಲಿಗೆ ಹಾಕವ್ರೆ ಅಂದ್ರೆ ಎಂಗ್ರೀ ನಂಬೋದು? ಸುಳ್ಳಿಗೂ ಒಂದು ಮಿತಿ ಬ್ಯಾಡ್ವಾ?"

ಅಲ್ಲೇ ಕೂತಿದ್ದ ಹೋಟೆಲಿನವರು ಕುಂದಾಪುರದ ಕಡೆಯವರು. ತಿಪಟೂರಿಗೆ ಬಂದು ಬಹಳ ವರ್ಷವಾದರೂ ಸ್ವಂತ ಊರಿನ ಅಭಿಮಾನ ಬಿಟ್ಟವರಲ್ಲ. "ಅದರಲ್ಲಿ ತಪ್ಪೇನುಂಟು ಮಾರಾಯ್ರೆ? ನಮ್ಮ ಕಡೆ ಬಿಸಿಲಿಗೇ ಹಾಕೂದು. ಕೊಬ್ಬರಿ ಅಂದ್ರೆ ಕೊಬ್ಬರಿಯೇ ಅಲ್ವಾ?" ಎಂದುಬಿಟ್ಟರು.

ಕಂದಿಕೆರೆಯವರು ಹಲ್ಲನ್ನೂ ಮರೆತು ಎದ್ದು ನಿಂತರು. "ನಾಳೆ ನಿಮ್ಮ ಹೋಟ್ಲಿಗೇ ತತ್ತೀನಿ. ತಿಂದು ಆಮೇಲೆ ಹೇಳಿ."

ಹೇಳಿದಂತೆ ಮರುದಿನ ತಮ್ಮ ಅಟ್ಟದ್ದೇ ಉಂಡೆ ಕೊಬ್ಬರಿ ತಂದು ಗಲ್ಲಾದ ಮೇಲಿಟ್ಟರಂತೆ. ಹೋಟೆಲಿನವರೂ ಛಲ ಬಿಡದೆ, ಚೂರು ಮಾಡಲು ಚಾಕು ಕೂಡ ಕೇಳದೆ, ಇಡೀ ಉಂಡೆಗೇ ಬಾಯಿ ಹಾಕಿ ಕಚ್ಚಿದರಂತೆ. ಮಧ್ಯಾಹ್ನದ ಹೊತ್ತಿಗೆ ಮುಂದಿನ ಹಲ್ಲಿನ ತುಂಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನನ್ನ ಕುರ್ಚಿಯಲ್ಲಿದ್ದರು. "ರುಚಿ ಮಾತ್ರ ಭಾರೀ ಉಂಟು ಡಾಕ್ಟ್ರೇ, ಒಪ್ಪಿದೆ" ಎಂದರು, ಮುರಿದ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತಾ.

ಅವರನ್ನು ಕರೆತಂದಿದ್ದವರು ಅದೇ ಕಂದಿಕೆರೆ ಯಜಮಾನರು. ಅವರ ಮುಖದಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಜಾಸ್ತಿ. "ನೀವೇ ಹೇಳಿ ಡಾಕ್ಟ್ರಮ್ಮ, ಬಿಸಿಲಲ್ಲಿ ಒಣಗಿಸಿದ್ದಕ್ಕೆ ಈ ತಾಕತ್ತು ಐತಾ?"

ಕಥೆ ಹೇಳಬಾರದ ಬಸ್ಸು

ವಾರಕ್ಕೊಮ್ಮೆ ನಾನು ತುರುವೇಕೆರೆಗೂ ಹೋಗಿ ರೋಗಿಗಳನ್ನು ನೋಡುತ್ತೇನೆ. ಕೊನೆಯ ಕಂತು ಬಂದ ಮರುದಿನ ವಾಪಸು ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ಅದೇ ಮಾತು. ಕಂಡಕ್ಟರು ಡ್ಯೂಟಿ ಇದ್ದ ಕಾರಣ ಆ ಕಂತು ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಕೈ ಮುಗಿದು ಕೂಗಿದರು: "ಇನ್ನೂ ನೋಡಿಲ್ಲ ಕಣ್ರಪ್ಪಾ! ದಯವಿಟ್ಟು ಯಾರೂ ಕಥೆ ಹೇಳ್ಬೇಡಿ. ಹೇಳಿದೋರ್ನ ಅಲ್ಲೇ ಇಳಿಸ್ಬಿಡ್ತೀನಿ!"

ನಮ್ಮ ಜನ ದೊಡ್ಡ ಮನಸ್ಸಿನವರು. ಬಸ್ಸಿಗೆ ಬಸ್ಸೇ ಬಾಯಿ ಮುಚ್ಚಿಕೊಂಡಿತು. ಪಕ್ಕದ ಕಾಲೇಜು ಹುಡುಗಿಯರು ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಸಂಪಿಗೆಯ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದ ಒಬ್ಬ ಅಜ್ಜಿ ದಾರಿಯಲ್ಲಿ ತಮ್ಮೂರು ಬಂತೆಂದು ಎದ್ದರು. ಕಂಡಕ್ಟರು ಮರ್ಯಾದೆಯಿಂದ ಅವರ ಚೀಲ ಇಳಿಸಿ, ಕೈ ಹಿಡಿದು ಕೆಳಗೆ ಬಿಟ್ಟರು. ಅಜ್ಜಿಗೆ ಅವರ ಮೇಲೆ ಪ್ರೀತಿ ಉಕ್ಕಿತು. ಪ್ರಸಾದದ ಹೂವು ಕೈಗಿಟ್ಟು ಹೇಳಿದರು: "ಒಳ್ಳೇದಾಗ್ಲಿ ಕಣಪ್ಪ. ನೀನೇನೂ ಯೋಚ್ನೆ ಮಾಡ್ಬ್ಯಾಡ. ಆ ಮಗಾ ರೇಡಿಯೋ ಒಳಗಿಂದ ಕೈ ಚಾಚ್ತಾಳೆ. ತಮ್ಮ ಇನ್ನೇನು ಹಿಡ್ಕೊಬೇಕು, ಅಷ್ಟ್ರಲ್ಲಿ ಕರೆಂಟು ಬಂದ್ಬುಡ್ತದೆ!"

ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ "ಅಯ್ಯೋ ಅಜ್ಜೀ!" ಎಂದರು. ಕಂಡಕ್ಟರು ಬಾಯಿಗಿಟ್ಟ ಸೀಟಿ ತೆಗೆದರು. ಹೂವನ್ನು ಜೇಬಿಗಿಟ್ಟು, ಮೆಲ್ಲಗೆ ಕೇಳಿದರು: "ಆಮೇಲೆ?"

ಅಜ್ಜಿ ಚೀಲ ನೆಲಕ್ಕಿಟ್ಟರು. ಡ್ರೈವರು ಇಂಜಿನ್ ಆಫ್ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅಜ್ಜೀ, ಸ್ವಲ್ಪ ಜೋರಾಗಿ ಹೇಳಿ. ನಾನೂ ನೋಡಿಲ್ಲ!"

ಅತ್ತೆಯವರ ಪಕ್ಷ

ನಮ್ಮನೆಯಲ್ಲಿ ಎಂಬತ್ತರ ದಶಕವನ್ನು ಖುದ್ದಾಗಿ ಕಂಡವರು ಅತ್ತೆ. ಈ ಮನೆಗೆ ಸೊಸೆಯಾಗಿ ಬಂದದ್ದೇ ಆಗ. ನನ್ನ ಮಗಳ ಕಾಲೇಜಿನಲ್ಲಿ ಸೀರಿಯಲ್ಲಿನ ಹಾಗೇ ಹಳೇ ಕಾಲದ ಉಡುಪು ಹಾಕುವ ದಿನ ಎಂದು ಇಟ್ಟಿದ್ದರು. ಸೀರೆ ಕೇಳಲು ಅವಳ ಗೆಳತಿಯರು ಬಂದರು. ಸೀರೆ ಸಿಕ್ಕಿತು, ಜೊತೆಗೆ ಉಪದೇಶವೂ ಸಿಕ್ಕಿತು.

"ಆ ಸೀರಿಯಲ್ನೋರಿಗೆ ಏನೂ ಗೊತ್ತಿಲ್ಲ" ಎಂದರು ಅತ್ತೆ. "ದೀಪ ಹಚ್ಚೋ ಹೊತ್ತಲ್ಲಿ ಅಕ್ಕನ್ನ ಹುಡುಕ್ತೀವಿ ಅಂತ ಆ ತಮ್ಮನೂ ಅವನ ಜೊತೆ ಹುಡುಗ್ರೂ ಸೈಕಲ್ ತಗೊಂಡು ತೋಟಕ್ಕೆ ಹೋಗ್ತಾವೆ. ಯಾವ ತಾಯಿ ಬಿಡ್ತಿದ್ಲು? ದೆವ್ವ ಹಿಡಿಯೋಕೆ ಮುಂಚೆ ನಾವೇ ಹಿಡಿದು ನಾಲ್ಕು ಬಿಡ್ತಿದ್ವಿ."

ಹುಡುಗಿಯರು ಸುತ್ತ ಕೂತರು. ಒಬ್ಬಳು ಕೇಳಿದಳು: "ಅಜ್ಜಿ, ನೀವು ಯಾವ ಪಕ್ಷ? ಅವಳು ಸತ್ತಿದ್ದಾಳಾ, ಬದುಕಿದ್ದಾಳಾ?"

"ಸಾಯೋಕೆ ಅವಳಿಗೇನು ಬಂದೈತೆ? ಅವ್ಳು ಎಲ್ಲೂ ಹೋಗಿಲ್ಲ, ಅಟ್ಟದಲ್ಲೇ ಕೂತವ್ಳೆ. ಇಳಿದ್ರೆ ಅವ್ರಮ್ಮ ಇನ್ನೊಂದು ಕೆಲಸ ಹೇಳ್ತಾಳೆ ಅಂತ ಗೊತ್ತು. ನಾನೂ ಹೊಸದಾಗಿ ಬಂದಾಗ ಹಂಗೇ ಕೂರ್ತಿದ್ದೆ. ಕಾಯಿ ರಾಶಿ ಹಿಂದೆ ಒಂದು ಗೋಣಿ ಹಾಸ್ಕೊಂಡು."

"ಮತ್ತೆ ರೇಡಿಯೋದಲ್ಲಿ ಏಣಿ ಎಲ್ಲಿ, ಏಣಿ ಎಲ್ಲಿ ಅಂತ ಅಳ್ತಾಳಲ್ಲ?"

"ನಾಟಕ ಕಣೇ ಅದು. ನಮ್ಮತ್ತೆ ಕೂಗಿದಾಗ ನಾನೂ ಅದನ್ನೇ ಅಂತಿದ್ದೆ."

ಅಟ್ಟ ಹತ್ತಿದ ಡೈರೆಕ್ಟರು

ಕೊನೆಗೊಂದು ದಿನ ಸೀರಿಯಲ್ಲಿನ ಡೈರೆಕ್ಟರೇ ತಿಪಟೂರಿಗೆ ಬಂದರು. ಅಭಿಮಾನಿಗಳೆಲ್ಲ ಸೇರಿ ಒಂದು ಛತ್ರದಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಹಾರ ಬಿದ್ದ ಮೇಲೆ ಎರಡೂ ಪಕ್ಷದವರು ಒಟ್ಟಿಗೆ ಎದ್ದು ಕೇಳಿದರು: "ಹುಡುಗಿ ಬದುಕವ್ಳಾ, ಇಲ್ವಾ?"

ಡೈರೆಕ್ಟರು ಮುಗುಳ್ನಕ್ಕು, "ಅದು ನನಗೂ ಗೊತ್ತಿಲ್ಲ. ನಿಮ್ಮ ಕಲ್ಪನೆಗೇ ಬಿಟ್ಟಿದ್ದೀನಿ" ಎಂದರು.

"ಇಷ್ಟು ದಿನ ಜಗಳ ಆಡಿದ್ದು ಇದಕ್ಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಗದ್ದಲ ಏಳುವುದರೊಳಗೆ ಮುಂದಿನ ಸಾಲಿನ ಒಬ್ಬ ತೋಟದವರು ಕೈ ಎತ್ತಿ, "ಹುಡ್ಗಿ ವಿಷ್ಯ ಇರ್ಲಿ ಬುಡಿ ಸಾರ್. ಕೊಬ್ಬರಿ ವಿಷ್ಯ ಏನ್ಮಾಡಿದ್ರಿ?" ಎಂದರು. ಡೈರೆಕ್ಟರ ಮುಖ ಇಳಿಯಿತು. ದೊಡ್ಡ ಮನುಷ್ಯ, ಕೈ ಮುಗಿದರು. "ತಪ್ಪಾಯ್ತು. ಎರಡನೇ ಭಾಗ ಮಾಡೋಕೆ ಮುಂಚೆ ನಿಜವಾದ ಅಟ್ಟ ನೋಡ್ಕೊಂಡೇ ಹೋಗ್ತೀನಿ."

ಆಗ ಬಿದ್ದ ಚಪ್ಪಾಳೆಗೆ ನನ್ನ ಎದೆಯೂ ಉಬ್ಬಿತು. ಯಾರ ಮನೆಯ ಅಟ್ಟ ಎಂಬುದಕ್ಕೆ ಇನ್ನೊಂದು ಜಗಳವಾಗಿ, ಹತ್ತಿರ ಇದ್ದದ್ದೂ ಹಳೆಯದೂ ಎಂದು ನಮ್ಮದೇ ಗೆದ್ದಿತು. ಛತ್ರದ ಜನವೆಲ್ಲ ಮೆರವಣಿಗೆಯಂತೆ ನಮ್ಮನೆ ಮುಂದೆ ಬಂದು ನಿಂತರು. ಅಟ್ಟ ಭಾರ ತಡೆಯುವುದಿಲ್ಲವೆಂದು ಯಜಮಾನರು ಡೈರೆಕ್ಟರನ್ನೂ ಅವರ ಸಹಾಯಕನನ್ನೂ ಮಾತ್ರ ಹತ್ತಿಸಿದರು. ನಾವೆಲ್ಲ ಅಂಗಳದಲ್ಲಿ ಕಾದೆವು. ಕರೆಂಟು ಇರಲಿಲ್ಲ.

ಇದೆಲ್ಲ ಅತ್ತೆಗೆ ಗೊತ್ತಿಲ್ಲ. ಹಿತ್ತಲ ಬಚ್ಚಲಲ್ಲಿ ಅವರು ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಮುಗಿಸಿ ಹಿಂಬಾಗಿಲಿನಿಂದ ಒಳಗೆ ಬಂದವರು ದಿನದಂತೆ ಅಟ್ಟದ ಕೆಳಗಿನ ಒಲೆಗೆ ತೆಂಗಿನ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿದರು. ಅಟ್ಟದ ನೆಲ ಸೀಳಿದ ಅಡಿಕೆ ದಬ್ಬೆ ಜೋಡಿಸಿದ್ದು, ಸಂದಿಯಿಂದ ಹೊಗೆ ಮೇಲೇರಿ ಕಾಯಿ ಚೆನ್ನಾಗಿ ಒಣಗಲಿ ಅಂತ. ಅಷ್ಟರಲ್ಲಿ ಮೇಲೆ ಡೈರೆಕ್ಟರು ಕಾಯಿ ರಾಶಿಗೆ ಕಾಲು ತಾಗಿಸಿದರು. ಕಾಯಿ ಉರುಳಿದ ಸದ್ದಿಗೆ ಕೋತಿ ಬಂದಿರಬೇಕೆಂದು ಅತ್ತೆ ಒಂದು ದೊಣ್ಣೆ ಹಿಡಿದು ಏಣಿ ಹತ್ತಿದರು.

ಮೇಲಿನ ಇಬ್ಬರಿಗೆ ಕಂಡದ್ದು ಇಷ್ಟು: ಕತ್ತಲು, ನೆಲದಿಂದ ಏಳುತ್ತಿರುವ ಹೊಗೆ, ಹೊಗೆಯ ನಡುವೆ ಬಿಚ್ಚಿದ ಬಿಳಿ ಕೂದಲಿನ ಒಂದು ತಲೆ. ಆ ತಲೆ ಕೇಳಿತು: "ಯಾವನ್ಲಾ ಅವ್ನು?"

ಊರನ್ನೆಲ್ಲ ಹೆದರಿಸಿದ ಆ ಮಹಾನುಭಾವರು "ಅಮ್ಮಾ!" ಎಂದು ಕೂಗಿದ್ದು ಬೀದಿ ಕೊನೆಗೂ ಕೇಳಿಸಿತು. ಸಹಾಯಕ ಅವರಿಗಿಂತ ಮೊದಲೇ ಕಾಯಿ ರಾಶಿಯೊಳಗೆ ತಲೆ ತೂರಿಸಿದ್ದ.

ಕೆಳಗಿಳಿಸಿ, ನೀರು ಕುಡಿಸಿ, ಕಾಫಿ ಕೊಟ್ಟ ಮೇಲೆ ಡೈರೆಕ್ಟರ ಮುಖಕ್ಕೆ ಕಳೆ ಬಂತು. ಅತ್ತೆಯನ್ನೇ ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು: "ಅಮ್ಮಾ, ಎರಡನೇ ಭಾಗದಲ್ಲಿ ನೀವು ಪಾರ್ಟು ಮಾಡ್ತೀರಾ?"

"ಏನಪ್ಪಾ ಪಾರ್ಟು?"

ಡೈರೆಕ್ಟರು ತಡವರಿಸಿದರು. "ಅಟ್ಟದಲ್ಲಿರೋ... ದೆವ್ವದ್ದು."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅತ್ತೆ ಯೋಚಿಸಿ ಕೇಳಿದರು: "ಮುಖಕ್ಕೆ ಬಣ್ಣಗಿಣ್ಣ ಬಳೀತೀರೋ?"

"ಇಲ್ಲಮ್ಮ, ಏನೂ ಬೇಡ" ಎಂದರು ಡೈರೆಕ್ಟರು ಮನಸಾರೆ. "ಇವತ್ತು ಬಂದ ಹಾಗೇ ಬಂದ್ರೆ ಸಾಕು."

ಅವತ್ತಿನಿಂದ ನಮ್ಮ ಬೀದಿಯಲ್ಲಿ ಅತ್ತೆಯನ್ನು ಹಿಡಿಯುವವರಿಲ್ಲ. ಹಾಲಿಗೆ ಹೋಗಲಿ, ತರಕಾರಿಗೆ ಹೋಗಲಿ, ಸಿಕ್ಕ ಹೆಂಗಸರನ್ನೆಲ್ಲ ನಿಲ್ಲಿಸಿ, ತಲೆ ಎತ್ತಿ ಹೇಳುತ್ತಾರೆ: "ಬೇರೆಯೋರಿಗೆಲ್ಲ ಗಂಟೆಗಟ್ಟಲೆ ಮೇಕಪ್ ಮಾಡ್ಬೇಕಂತೆ ಕಣೇ. ನನ್ನ ನೋಡಿದ ತಕ್ಷಣ, ಏನೂ ಬ್ಯಾಡ, ಹಿಂಗೇ ಸಾಕು ಅಂದ್ಬುಟ್ರು!"