ಒಣ ಕಾಲುವೆಯ ಚಾಂಪಿಯನ್

ಪುಣೆಯಿಂದ ಊರಿಗೆ ಮರಳಿದ ಮೇಲೆ ನಮ್ಮ ಸೋದರಮಾವ ತನ್ನ ಸರೀಕರ ಎದುರು ಒಂದೇ ಒಂದು ರೇಸನ್ನೂ ಸೋಲಲಿಲ್ಲ. ಇದನ್ನು ಪರಿಶೀಲಿಸಿಯೇ ಬರೆಯುತ್ತಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಅವನ ಎದುರು ನಿಲ್ಲಲು ಇನ್ನೊಬ್ಬ ಬಿಎಂಎಕ್ಸ್ ಪಟುವೇ ಇರಲಿಲ್ಲ ಎಂಬುದು ಬೇರೆ ಮಾತು.

ತೊಂಬತ್ತರ ದಶಕದಲ್ಲಿ ಪುಣೆಯ ಸೈಕಲ್ ಕಂಪನಿಯೊಂದು ತನ್ನ ಗಿಡ್ಡ ಗಾಲಿಯ ಸೈಕಲ್ಲುಗಳ ಪ್ರಚಾರಕ್ಕೆಂದು ಮಣ್ಣಿನ ದಿಬ್ಬ ಹಾರಿಸುವ ಈ ಬಿಎಂಎಕ್ಸ್ ರೇಸಿನ ತಂಡ ಕಟ್ಟಿತ್ತು. ಮಾವ ಅದರಲ್ಲಿ ಪಗಾರದ ಆಟಗಾರ. ತಂಡ ಮುಚ್ಚಿದಾಗ ಸೈಕಲ್, ಹೆಲ್ಮೆಟ್ ಮತ್ತು ಸಿಟ್ಟು, ಇಷ್ಟನ್ನು ಹೊತ್ತುಕೊಂಡು ಬಸ್ಸಿನಿಂದ ಇಳಿದ.

ಮೂವತ್ತು ದಾಟಿದ ಹುರಿಮೀಸೆಯ ಗಂಡಸು ಮೊಣಕಾಲು ಗಲ್ಲಕ್ಕೆ ತಾಗುವಂಥ ಸೈಕಲ್ ತುಳಿದರೆ ಊರು ಸುಮ್ಮನಿರುತ್ತದೆಯೇ? ಚಹಾದಂಗಡಿಯ ಚಾಂದಸಾಬ ದಿನಾ ಕೇಳುತ್ತಿದ್ದ: "ಪೈಲ್ವಾನರ, ಮಗನ ಸೈಕಲ್ ನೀವ ತಂದೀರಿ, ಅಂವ ಸಾಲಿಗೆ ನಡಕೋತ ಹೋದನೇನ್ರಿ?"

"ನಂದಿನ್ನೂ ಲಗ್ನನ ಆಗಿಲ್ಲಲೇ."

"ಹೆಂಗ ಆಗ್ತೈತ್ರಿ ಮತ್ತ."

ಬಾಗೇವಾಡಿಯ ಸೈಕಲ್ ಸ್ಪರ್ಧೆಯಲ್ಲಿ ಸಂಘಟಕರು ಅವನ ಗಾಲಿಯ ಅಳತೆ ನೋಡಿ ಚಿಕ್ಕ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು. ಬೇರೆಯವರಾದರೆ ಮುನಿಸಿಕೊಂಡು ಮನೆಗೆ ಹೋಗುತ್ತಿದ್ದರು. ಮಾವ ಮುನಿಸಿಕೊಂಡೇ ಓಡಿಸಿದ. ಮೊದಲ ಬಹುಮಾನ, ಒಂದು ಕಂಪಾಸ್ ಪೆಟ್ಟಿಗೆ. ಎರಡನೆಯದಾಗಿ ಬಂದ ಕೂಸು ಅಳುತ್ತಿತ್ತು. "ಕೊಟ್ಟಬಿಡೋ ಮಾವಾ, ಪಾಪ" ಎಂದೆ.

"ಯಾಕ ಕೊಡ್ಲಿ? ಪಗಾರ ತಗೊಂಡು ಓಡಿಸಿದಾಂವ ನಾನು. ಮುಂದಿನ ವರ್ಷ ಬಂದು ಗೆಲ್ಲಂತ ಹೇಳು."

ನಮ್ಮಿಬ್ಬರ ನಿಜವಾದ ಜಗಳ ಶುರುವಾದದ್ದು ಕಾಲುವೆಯಿಂದ. ಹೊಲಗಳಿಗೆ ನೀರು ತರಲೆಂದು ತೋಡಿದ ಕಾಲುವೆ ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ಎರಡೂ ಕಡೆ ಇಳಿಜಾರು, ನಡುವೆ ಗಟ್ಟಿ ನೆಲ. ಮಾವ ಅದರೊಳಗೆ ಗರಸು ಮಣ್ಣು ಬಡಿದು ದಿಬ್ಬ ಎಬ್ಬಿಸಿ ತನ್ನ ಟ್ರ್ಯಾಕ್ ಮಾಡಿಕೊಂಡ. ನಾನು ಆಗ ಸಿಂದಗಿಯಲ್ಲಿ ಪತ್ರಿಕೆಯೊಂದರ ವರದಿಗಾರ. ನೀರಿಲ್ಲದ ಕಾಲುವೆಯ ಬಗ್ಗೆ ಬರೆದೆ, ಮತ್ತೆ ಬರೆದೆ. ನೀರಾವರಿ ಇಲಾಖೆಯ ಸಾಹೇಬರು ಪ್ರತಿ ಸಲ "ಬರುವ ವರ್ಷ" ಎಂದರು, ಅದನ್ನೂ ಬರೆದೆ. ಸಿಟ್ಟು ವರದಿಯಲ್ಲಿ ಕಾಣಬಾರದು ಎಂಬುದು ಕಸುಬಿನ ನಿಯಮ. ಆದರೆ ಆ ಕಾಲುವೆಯ ಕೊಟ್ಟ ಕೊನೆಯ ಹೊಲ ನಮ್ಮವ್ವನದು, ಅಂದರೆ ಮಾವನ ಸ್ವಂತ ಅಕ್ಕನದು. ಅಪ್ಪ ತೀರಿದ ಮೇಲೆ ಅವಳು ಒಬ್ಬಳೇ ಮುಗಿಲು ನೋಡುತ್ತ ಅಲ್ಲಿ ಜೋಳ ಬಿತ್ತುತ್ತಿದ್ದಳು.

ಪೇಪರು ಹಿಡಿದುಕೊಂಡು ಮಾವ ನನ್ನ ಮೇಲೆ ಏರಿ ಬಂದ. "ಅಳಿಯಾ, ಇಡೀ ತಾಲೂಕಿನ್ಯಾಗ ಉಪಯೋಗಕ್ಕ ಬಂದ ಕಾಲುವಿ ಇದೊಂದ ಐತಿ. ಇದರಾಗೂ ನೀರ ಬಿಡಸ್ತಿ?"

"ಅವ್ವನ ಹೊಲ ನೋಡೀಯೇನು?"

ಅವನು ಹೆಲ್ಮೆಟ್ ಏರಿಸಿಕೊಂಡು ದಿಬ್ಬ ಹಾರಿಸಲು ಹೋದ. ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ.

ಕೊನೆಗೊಂದು ದಿನ ನೀರು ಬಿಟ್ಟೇಬಿಟ್ಟರು. ಸಂಜೆಯೊಳಗೆ ನಮ್ಮೂರು ಮುಟ್ಟುತ್ತದೆ ಎಂದು ಸುದ್ದಿ ಬಂತು. ಮಾವನ ದಿಬ್ಬಗಳಿಗೆ ತಡೆದು ನೀರು ದಂಡೆ ಒಡೆದರೆ ಅವ್ವನ ಹೊಲಕ್ಕೆ ಹನಿಯೂ ಸಿಗುವಂತಿರಲಿಲ್ಲ. ಊರವರು ಗುದ್ದಲಿ, ಸಲಿಕೆ ಹಿಡಿದು ಹೋದರು, ನಾನೂ ಹೋದೆ. ಮಾವ ಹೆಲ್ಮೆಟ್ ಹಾಕಿಕೊಂಡು ಕಾಲುವೆಯೊಳಗೆ ಅಡ್ಡ ನಿಂತಿದ್ದ.

"ಯಾವನರ ಮುಟ್ಟಿದ್ರ ಕೈ ಮುರೀತೇನಿ."

"ಪೈಲ್ವಾನರ, ಹಟ ಮಾಡಬ್ಯಾಡ್ರಿ" ಎಂದು ಚಾಂದಸಾಬ ಮುಂದೆ ಹೆಜ್ಜೆ ಇಟ್ಟ. ಮಾವ ಅವನ ಕೈಯಿಂದ ಗುದ್ದಲಿ ಕಸಿದುಕೊಂಡ. ಹೊಡೆದೇಬಿಟ್ಟ ಎಂದುಕೊಂಡೆವು. ಹೊಡೆದ, ದಿಬ್ಬಕ್ಕೆ. ಸಾಹೇಬರನ್ನು, ಕಂಪನಿಯನ್ನು, ನನ್ನನ್ನು, ಬರಲಿರುವ ನೀರನ್ನು ಹೆಸರು ಹಿಡಿದು ಬೈಯುತ್ತ, ಯಾರಿಗೂ ಕೈ ಹಚ್ಚಗೊಡದೆ ಒಬ್ಬನೇ ಎಲ್ಲ ದಿಬ್ಬಗಳನ್ನೂ ಕೆಡವಿದ.

ಸಂಜೆ ನೊರೆ, ಜಾಲಿಮುಳ್ಳು ಹೊತ್ತು ಕೆಂಪು ನೀರು ಬಂತು. ಜನ ಚಪ್ಪಾಳೆ ತಟ್ಟಿದರು. ಮಾವ ಎಲ್ಲೂ ಕಾಣಲಿಲ್ಲ.

ನಾನು ಮನೆಗೆ ಬಂದಾಗ ಮೊಣಕಾಲು ನೋವಿನಿಂದ ಕಾಲುವೆಗೆ ಬರಲಾಗದ ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಹಿಂದೆಯೇ ಮಾವ ಒಳಗೆ ಬಂದ. ಅಂಗಾತ ಹಿಡಿದ ಹೆಲ್ಮೆಟ್ಟಿನ ತುಂಬ ಕೆಸರು ನೀರು. ಗಾಳಿಯಾಡುವ ತೂತುಗಳಿಂದ ಅದು ಸೋರಿ ಅವನ ಅಂಗಿ, ಹೊಸ್ತಿಲು ಎಲ್ಲ ತೊಯ್ದಿತ್ತು.

"ನಿನ್ನ ಹೊಲ ಮುಟ್ಟೇತಿ. ಲಗೂನ ಹಿಡಿಯವಾ ಅಕ್ಕಾ, ಸೋರಾಕತ್ತೇತಿ" ಎಂದು ಗದರಿದ. ಅವನ ಮುಖದ ಮೇಲೆ ಇನ್ನೂ ಸಿಟ್ಟೇ ಇತ್ತು.

ಅವ್ವ ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಹೆಲ್ಮೆಟ್ಟಿನ ಕೆಳಗೆ ಒಡ್ಡಿದಳು.