ಮೇಷ್ಟ್ರುಗಳಿಗೆ ಮಾರ್ಕು ಹಾಕುತ್ತಿದ್ದ ಮಾವ

ನಮ್ಮ ಸೋದರಮಾವನಷ್ಟು ಮೇಷ್ಟ್ರುಗಳನ್ನು ಫೇಲು ಮಾಡಿದವರು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಾರರು. ಸ್ವತಃ ಅವನು ಓದಿದ್ದು ಎರಡನೆಯ ಕ್ಲಾಸು. ಅದನ್ನಾದರೂ ಪಾಸು ಮಾಡಿದ್ದನೇ ಎಂಬುದರ ಬಗ್ಗೆ ಅತ್ತೆಗೆ ಕೊನೆಯವರೆಗೂ ಅನುಮಾನವಿತ್ತು. ಮಕ್ಕಳಿಗೆ ಪರೀಕ್ಷೆ ಇಡುವುದು ಸರ್ಕಾರದ ಕೆಲಸ, ಮೇಷ್ಟ್ರುಗಳಿಗೆ ಇಡುವುದು ತನ್ನ ಕೆಲಸ ಎಂದು ಮಾವ ನಂಬಿದ್ದ.

ಈ ಅಧಿಕಾರ ಅವನಿಗೆ ಬಂದದ್ದು ಕಾಲುವೆಯ ದೆಸೆಯಿಂದ. ಎಪ್ಪತ್ತರ ದಶಕ. ಮಾವನ ಊರು ಬುಕ್ಕಸಾಗರದ ಸುತ್ತ ವರ್ಷಕ್ಕೆ ಎರಡು ಭತ್ತ ಬರುತ್ತಿದ್ದ ಕಾಲ. ಮಾವ ಮೊದಲು ರೇಡಿಯೊ ತಂದ, ಆಮೇಲೆ ಟ್ರ್ಯಾಕ್ಟರ್ ತಂದ, ಇನ್ನೇನು ತರಬೇಕೆಂದು ತೋಚದೆ ಶಾಲೆಗೆ ಹೊಸ ಸೂರು ಹಾಕಿಸಿಕೊಟ್ಟ. ಊರವರು ಸಂತೋಷಪಟ್ಟು ಅವನನ್ನು ಶಾಲಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಆಗಸ್ಟ್ ಹದಿನೈದಕ್ಕೆ ಬಂದು ಬಾವುಟ ಏರಿಸಿ, ಪೆಪ್ಪರಮಿಂಟು ಹಂಚಿ ಹೋಗುತ್ತಾನೆ ಎಂದು ಅವರ ಲೆಕ್ಕ. ಮಾವ ಹದಿನಾರಕ್ಕೂ ಬಂದ. ಹದಿನೇಳಕ್ಕೂ ಬಂದ.

ನಾನಾಗ ಹೊಸಪೇಟೆಯಲ್ಲಿ ಬಿ.ಎ. ಮುಗಿಸಿ, ಕೆಲಸವಿಲ್ಲದೆ, ಮಾವನ ಮೋಟಾರ್ ಸೈಕಲ್ ಓಡಿಸಿಕೊಂಡಿದ್ದೆ. ಹಾಗಾಗಿ ಎಲ್ಲಕ್ಕೂ ನಾನೇ ಸಾಕ್ಷಿ. ಒಂದಕ್ಕೆ ಮಾತ್ರ ಸಾಕ್ಷಿಯಾಗದೇ ಇದ್ದಿದ್ದರೆ ಚೆನ್ನಾಗಿತ್ತು. ಇವತ್ತಿಗೂ ಎಲ್ಲಾದರೂ ನೀರಿನ ಮೋಟಾರು ಗುಂಯ್ ಎಂದರೆ ನಾನು ಮೊದಲು ನೋಡುವುದು ತಲೆಯ ಮೇಲೆ.

ಮಾವನ ಸಿದ್ಧಾಂತ ಸರಳವಾಗಿತ್ತು. ಅವನ ಹೊಲ ಇದ್ದದ್ದು ಕಾಲುವೆಯ ಕಟ್ಟಕಡೆಗೆ. ತೂಬಿನ ಪಕ್ಕದ ಹೊಲಕ್ಕೆ ನೀರು ತಾನಾಗಿಯೇ ನುಗ್ಗುತ್ತದೆ. ಅದರಲ್ಲಿ ಕಾಲುವೆ ನೀರು ಹಂಚುವ ನೀರುಗಂಟಿಯ ಹೆಚ್ಚುಗಾರಿಕೆ ಏನಿದೆ? ಕೊನೆಯ ಹೊಲಕ್ಕೆ ನೀರು ಮುಟ್ಟಿಸಿದರೆ ಅವನು ನೀರುಗಂಟಿ. ಶಾಲೆಯೂ ಹಾಗೆಯೇ. ಮಾವ ತರಗತಿಗೆ ನುಗ್ಗಿದರೆ ಮುಂದಿನ ಸಾಲಿನ ಜಾಣರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಸೀದಾ ಹಿಂದಿನ ಸಾಲಿಗೆ ಹೋಗಿ, ಗೋಡೆಗೆ ಒರಗಿ ತೂಕಡಿಸುತ್ತಿದ್ದವನನ್ನು ಎಬ್ಬಿಸಿ, "ಹೇಳಪಾ, ನಿಮ್ಮ ಮೇಷ್ಟ್ರು ನಿನಗೇನು ಕಲಿಸ್ಯಾರ?" ಎನ್ನುತ್ತಿದ್ದ. ಆ ಉತ್ತರದ ಮೇಲೆ ಮೇಷ್ಟ್ರ ಹಣೆಬರಹ.

ಹೆಡ್ ಮೇಷ್ಟ್ರು ಕಡಿಮೆಯವರೇ? ಒಂದು ತಿಂಗಳಲ್ಲಿ ಜಾಣರನ್ನೆಲ್ಲ ಹಿಂದೆ ಕೂರಿಸಿ, ದಡ್ಡರನ್ನು ಮುಂದಕ್ಕೆ ತಂದರು. ಮಾವ ಬಂದ. ಹಿಂದಿನ ಸಾಲಿನವನು ತಟ್ಟನೆ ಎದ್ದು ನದಿಗಳ ಹೆಸರು ಹೇಳತೊಡಗಿದ. ಮಾವ ಮೀಸೆ ಸವರಿಕೊಂಡು, "ಎಲ್ಲಾರೂ ಕುಂತಲ್ಲೇ ಹಿಂದಕ್ಕ ತಿರುಗ್ರಿ" ಎಂದ. ಇಡೀ ತರಗತಿ ಬೋರ್ಡಿಗೆ ಬೆನ್ನು ಹಾಕಿತು. "ಈಗ ಹಿಂದಿನ ಸಾಲು ಯಾವುದು?" ಎಂದು ಬೋರ್ಡಿನ ಬುಡಕ್ಕೆ ನಡೆದ. ಹೆಡ್ ಮೇಷ್ಟ್ರು ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲವಂತೆ.

ಇನ್ನೊಂದು ಪರೀಕ್ಷೆ ಹೊಸಪೇಟೆ ಸಂತೆಯಲ್ಲಿ ನಡೆಯುತ್ತಿತ್ತು. ಹೊಡೆಯುವ ಮೇಷ್ಟ್ರನ್ನು ಕಂಡರೆ ಹುಡುಗರು ಸಂತೆಯಲ್ಲೂ ಅಡಗಿಕೊಳ್ಳುತ್ತಾರೆ ಎಂಬುದು ಮಾವನ ತರ್ಕ. ಮಿರ್ಚಿ ಅಂಗಡಿಯ ಪಕ್ಕ ನಿಂತು ಕಾಯುತ್ತಿದ್ದ. ಒಬ್ಬ ಮೇಷ್ಟ್ರು ಬಂದರೆ ನಾಲ್ಕು ಹುಡುಗರು ಈರುಳ್ಳಿ ಚೀಲಗಳ ಹಿಂದೆ ಮಾಯ. ಅವರು ಫೇಲು. ಇನ್ನೊಬ್ಬರು ಬಂದರು, ಹುಡುಗರು ಕದಲಲಿಲ್ಲ, ಮಿರ್ಚಿ ತಿನ್ನುತ್ತಲೇ ಇದ್ದರು. "ನೋಡ್ಲೇ ಅಳಿಯಾ, ಎಷ್ಟು ಪ್ರೀತಿ ಇಟ್ಟಾರ" ಎಂದು ಮಾವ ಅವರಿಗೆ ನೂರಕ್ಕೆ ನೂರು ಹಾಕಿ, ನಡುಬೀದಿಯಲ್ಲೇ ಕೈ ಕುಲುಕಿದ. ಆಮೇಲೆ ತಿಳಿಯಿತು, ಆ ಮೇಷ್ಟ್ರು ಶಾಲೆಗೆ ಬರುತ್ತಿದ್ದುದು ಸಂಬಳದ ದಿನ ಮಾತ್ರ. ಹುಡುಗರಿಗೆ ಅವರ ಗುರುತೇ ಇರಲಿಲ್ಲ.

ನಗುತ್ತೀರಿ. ಆದರೆ ಮಾವನಿಗೆ ತಾಲ್ಲೂಕು ಕಚೇರಿಯಲ್ಲಿ ಮಾತು ನಡೆಯುತ್ತಿತ್ತು. ಅವನು ಫೇಲು ಮಾಡಿದ ಒಬ್ಬರು ಆಗಲೇ ವರ್ಗವಾಗಿ ಸಂಡೂರಿನ ಗುಡ್ಡದ ಆಚೆ ಪಾಠ ಮಾಡುತ್ತಿದ್ದರು. ಈಗ ಹೊಸದಾಗಿ ಬಂದಿದ್ದ ಟೀಚರಮ್ಮನ ಸರದಿ.

ಆಕೆ ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯವರು. ಹಾಸಿಗೆ ಹಿಡಿದ ತಾಯಿಗೆ ಬೆಳಿಗ್ಗೆ ಗಂಜಿ ಕುಡಿಸಿ, ಬಸ್ಸು ಹತ್ತಿ ಬಂದು, ಸಂಜೆ ಅದೇ ಬಸ್ಸಿಗೆ ಓಡುತ್ತಿದ್ದರು. ಮೆಲುದನಿ, ಸಣ್ಣ ಆಳು. ಮಾವ ಹಿಂದಿನ ಸಾಲಿನ ಹುಡುಗಿಯೊಬ್ಬಳನ್ನು "ಏಳೆಂಟ್ಲ ಎಷ್ಟವ್ವಾ?" ಎಂದು ಕೇಳಿದ. ಹುಡುಗಿ ಟೀಚರಮ್ಮನ ಮುಖ ನೋಡಿ, ಬಾಯಿ ಬಿಗಿದುಕೊಂಡಳು. ಮೂರು ಸಲ ಬಂದಾಗಲೂ ಅದೇ ಕಥೆ. "ಇವರ ನೀರು ಕೊನೀಗೆ ಮುಟ್ಟಂಗಿಲ್ಲ. ಸೋಮವಾರ ಹೊಸಪೇಟೆಗೆ ಹೋಗಿ ಬ್ಯಾರೆಯವರನ್ನ ಕೇಳತೀನಿ" ಎಂದ ಮಾವ. ದೂರದ ಊರಿಗೆ ಹಾಕಿದರೆ ತಾಯಿಯನ್ನು ಬಿಟ್ಟು ಹೋಗುವುದಾದರೂ ಹೇಗೆ? ಟೀಚರಮ್ಮ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದವರು ಹೆಡ್ ಮೇಷ್ಟ್ರು. ಮಾವ, "ತಾಯಿ ಬ್ಯಾರೆ, ಮಗ್ಗಿ ಬ್ಯಾರೆ" ಎಂದುಬಿಟ್ಟ.

ಆ ಸೋಮವಾರಕ್ಕೆ ಮೊದಲೇ ಹಂಪಿ ಪ್ರವಾಸ ಬಂತು. ಟೀಚರಮ್ಮನ ತರಗತಿ, ಜೊತೆಗೆ ಮಾವ, ಜೊತೆಗೆ ನಾನು. ದಾರಿಯಿಂದ ದೂರದ ಒಂದು ಪಾಳುಗುಡಿಯಲ್ಲಿ ಬುತ್ತಿ ಬಿಚ್ಚಲು ಜಮಖಾನ ಹಾಸಿದರು. ಚಾವಣಿಯ ಅಂಚಿನಲ್ಲಿ ಕರಿ ಕಂಬಳಿ ಒಣಹಾಕಿದ ಹಾಗೆ ಹೆಜ್ಜೇನಿನ ಹುಟ್ಟುಗಳು. ಮಾವ ಗುಡಿಯ ಹೊರಗೆ, ಸರಿಯಾಗಿ ಅವುಗಳ ಕೆಳಗೆ ನಿಂತು ಚುಟ್ಟ ತೆಗೆದ.

"ಅಧ್ಯಕ್ಷರ, ಇಲ್ಲಿ ಬೆಂಕಿ ಬ್ಯಾಡ್ರಿ, ಮ್ಯಾಲ ಜೇನು ಅದಾವು" ಎಂದರು ಟೀಚರಮ್ಮ.

"ನಾ ಈ ಕಲ್ಲಿನಾಗ ಹುಟ್ಟಿ ಬೆಳೆದವ್ನು, ಟೀಚರಮ್ಮ. ಜೇನಿಗೂ ನನ್ನ ಪರಿಚಯ ಐತಿ."

ಪರಿಚಯ ಇತ್ತೇನೋ. ಚುಟ್ಟ ಹಚ್ಚಿದ ಕಡ್ಡಿಯನ್ನು ಒಣಹುಲ್ಲಿಗೆ ಎಸೆದ, ಹುಲ್ಲು ಹೊಗೆಯಾಡಿತು, ಹೊಗೆ ಮೇಲಕ್ಕೆ ಹೋಯಿತು. ಆ ಸದ್ದನ್ನು ನಾನು ಹೇಗೆ ಹೇಳಲಿ? ಆಕಾಶವೇ ಕುದಿಯಲು ಇಟ್ಟ ಹಾಗೆ. ಕರಿ ಕಂಬಳಿ ಕಳಚಿ ಬಿತ್ತು. ಬಿ.ಎ. ಓದಿದ ನಾನು ಕಂಬವೊಂದರ ಪಕ್ಕ ಇನ್ನೊಂದು ಕಂಬವಾಗಿ ನಿಂತೆ. ಗಾಳಿ ಮಕ್ಕಳ ಕಡೆ ಬೀಸಿದ್ದರೆ? ಆ ಗುಡಿಗೆ ಒಳಗುಡಿಯೇ ಇಲ್ಲದಿದ್ದರೆ? ನಾನು ಇವತ್ತಿಗೂ ಇಂಥ ಪ್ರಶ್ನೆಗಳನ್ನು ಕೇಳಿಕೊಂಡು ಮಲಗುವವನು.

ಟೀಚರಮ್ಮ ಕೂಗಲಿಲ್ಲ. "ಒಳಗ ಕತ್ತಲೈತಿ, ಬಾವಲಿ ಅದಾವು, ಹೆದರಿಕಿ ಆಗತೈತಿ. ಆದರೂ ನಡೀರಿ" ಎಂದರು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಒಳಗುಡಿಗೆ ಹೋದವು. ಹೋಗುವಾಗ ನನ್ನನ್ನೂ ಯಾರೋ ಎಳೆದುಕೊಂಡು ಹೋದರು. ಟೀಚರಮ್ಮ ಬಾಗಿಲಿಗೆ ಅಡ್ಡವಾಗಿ ಜಮಖಾನ ಹಿಡಿಸಿ, ಅದರ ಸಂದಿಯಿಂದ ಹೊರಗೆ ನೋಡಿದರು. ಬಯಲಲ್ಲಿ ಮಾವ ಒಬ್ಬನೇ ಟವೆಲ್ ಬೀಸುತ್ತ ಗಿರಗಿರ ತಿರುಗುತ್ತಿದ್ದ.

ಟೀಚರಮ್ಮ ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಹೊರಗೆ ಹೋದರು. ಮಾವನ ಕೊರಳಪಟ್ಟಿಗೆ ಕೈ ಹಾಕಿ ಅವರು ಹೇಳಿದ್ದು ನಮಗೆಲ್ಲ ಕೇಳಿಸಿತು: "ಕೈ ಬೀಸಬ್ಯಾಡ. ಬಾಯಿ ಮುಚ್ಚು. ನಡಿ." ಮಾವನಿಗೆ ಬಾಯಿ ಮುಚ್ಚು ಎಂದವರು ಅತ್ತೆಯನ್ನು ಬಿಟ್ಟರೆ ಇವರೇ, ಹೇಳಿದ ಕೂಡಲೇ ಅವನು ಮುಚ್ಚಿದ್ದಂತೂ ಅದೇ ಮೊದಲು.

ಹೊಸಪೇಟೆಯ ಡಾಕ್ಟರು ಮುಳ್ಳುಗಳನ್ನು ಕಿತ್ತು ಕಿತ್ತು ಸುಸ್ತಾದರು. ಮನೆಗೆ ಬಂದ ಮಾವನ ಮುಖ ಕುಂಬಳಕಾಯಿ. ಕಣ್ಣು ಎಲ್ಲಿದ್ದವೆಂದು ನೆನಪಿನಿಂದ ಹೇಳಬೇಕಿತ್ತು. ಟೀಚರಮ್ಮನ ಕೈ, ಕುತ್ತಿಗೆಯೂ ಊದಿದ್ದವು.

"ಈಗೆಷ್ಟು ಮಾರ್ಕು ಹಾಕ್ತೀರಿ?" ಎಂದರು ಅತ್ತೆ, ಅರಿಶಿನ ಹಚ್ಚುತ್ತ.

"ಧೈರ್ಯಕ್ಕ ನೂರು. ಪಾಠಕ್ಕ ಮೊದಲಿನದ."

"ಜೀವ ಉಳಿಸಿದಾಕೀನ ಊರು ಬಿಡಿಸ್ತೀರೇನ್ರಿ? ಮನುಷ್ಯರಾ ನೀವು?"

"ಜೀವ ಉಳಿಸಿದ್ದು ನನ್ನ ಬಾಕಿ. ಪಾಠ ಹುಡುಗರದ್ದು. ನನ್ನ ಬಾಕಿ ತೀರಿಸಾಕ ಹುಡುಗರ ಪಾಠ ಕೊಟ್ರ ಅದು ಲಂಚ ಆಗತೈತಿ."

ಅತ್ತೆ ಅರಿಶಿನದ ಬಟ್ಟಲನ್ನು ಕುಕ್ಕಿ ಎದ್ದುಹೋದರು. ನಾನು ಮೂರು ದಿನ ಯೋಚಿಸಿದೆ. ಹಾಳಾದ ಮಾತಿನಲ್ಲಿ ತಪ್ಪೇ ಸಿಗಲಿಲ್ಲ.

ಸೋಮವಾರ ಬಂತು. ಮಾವನ ಒಂದು ಕಣ್ಣು ಅರೆಬರೆ ತೆರೆದಿತ್ತು. ಹೊಸಪೇಟೆ ಬಸ್ಸು ಶಾಲೆಯ ಮುಂದೆಯೇ ನಿಲ್ಲುತ್ತಿತ್ತು. "ಬಸ್ಸು ಬರೋಮಟ ಇನ್ನೊಮ್ಮೆ ನೋಡೇಬಿಡೋಣು. ಅನ್ಯಾಯ ಆಗಬಾರದು" ಎಂದು ಮಾವ ನನ್ನ ಭುಜ ಹಿಡಿದು ತರಗತಿಯ ಬಾಗಿಲಿಗೆ ಬಂದ.

ಟೀಚರಮ್ಮ ಭಾಗಾಕಾರ ಹೇಳಿಕೊಡುತ್ತಿದ್ದರು. ಮಕ್ಕಳು ಬೋರ್ಡಿಗೆ ಅಂಟಿಕೊಂಡ ಹಾಗೆ ಕೂತಿದ್ದವು. ಮಾವನ ನೆರಳು ಬೋರ್ಡಿನ ಮೇಲೆ ಬಿತ್ತು. ಅವರು ತಿರುಗಿದರು, ಮಾತು ಅರ್ಧಕ್ಕೆ ನಿಂತಿತು, ಸೀಮೆಸುಣ್ಣ ಹಿಡಿದ ಊದಿದ ಕೈ ನಡುಗತೊಡಗಿತು. ಅದನ್ನು ನೋಡಿ ಮಕ್ಕಳೂ ಒಂದೊಂದಾಗಿ ತಲೆ ತಗ್ಗಿಸಿದವು.

ಮಾವ ಆ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಒಂದೂ ಪ್ರಶ್ನೆ ಕೇಳದೆ, ಸದ್ದಾಗದಂತೆ ಹಿಂದಕ್ಕೆ ಸರಿದು ಹೊರಗೆ ಬಂದ.

"ಅಳಿಯಾ, ಅವತ್ತು ಆ ಕೈ ನನ್ನ ಕೊರಳಪಟ್ಟಿ ಹಿಡಿದಿತ್ತಲ್ಲ. ನಡುಗಿತ್ತೇನು?"

"ಇಲ್ಲ ಮಾವ. ಕಲ್ಲಿನ ಹಾಂಗ ಇತ್ತು."

"ಅಷ್ಟು ಹುಳದಾಗ ನಡುಗಲಿಲ್ಲ. ನನ್ನ ಕಂಡು ನಡುಗತೈತಿ." ತರಗತಿಯ ಕಡೆ ತಿರುಗಿ, "ಇಷ್ಟು ದಿನ ನಾ ನೋಡಿದ್ದು ಅವರ ಪಾಠ ಅಲ್ಲಲೇ, ನನ್ನ ಕಂಡ ಹೆದರಿಕಿ" ಎಂದ.

ಕಿಟಕಿಯ ಕೆಳಗೆ, ಒಳಗಿನವರಿಗೆ ತಲೆ ಕಾಣದಂತೆ, ಗೋಡೆಗೆ ಒರಗಿ ನೆಲದ ಮೇಲೆ ಕೂತ. ಒಳಗೆ ಸೀಮೆಸುಣ್ಣ ಮತ್ತೆ ಬೋರ್ಡಿಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಟೀಚರಮ್ಮನ ದನಿ ಮೆಲ್ಲಗೆ ಮೊದಲಾಯಿತು, ಬರಬರುತ್ತ ಗಟ್ಟಿಯಾಯಿತು. ಯಾವುದೋ ಮಗು ತಪ್ಪು ಹೇಳಿರಬೇಕು, ಎಲ್ಲರೂ ನಕ್ಕರು, ಅವರೂ ನಕ್ಕರು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದ.

ಹೊಸಪೇಟೆ ಬಸ್ಸು ಬಂದು ನಿಂತಿತು. ಅಧ್ಯಕ್ಷರು ನೆಲದ ಮೇಲೆ ಕೂತದ್ದನ್ನು ಕಂಡ ಡ್ರೈವರು ಹಾರ್ನ್ ಹೊಡೆದು, "ಬರ್ರಿ, ಜಲ್ದಿ ಹತ್ರಿ" ಎಂದ. ಮಾವ ಊದಿದ ತುಟಿಯ ಮೇಲೆ ಬೆರಳಿಟ್ಟ. ಇನ್ನೊಂದು ಕೈಯನ್ನು ಮುಂದಕ್ಕೆ ಬೀಸಿ, ಹೋಗು, ಸದ್ದು ಮಾಡಬೇಡ, ಒಳಗೆ ಪಾಠ ನಡೆಯುತ್ತಿದೆ ಎಂದು ಸನ್ನೆ ಮಾಡಿದ.